ನಿಕೋಡೆಮಸ್: ಊರು ಕಟ್ಟಿದವರ ಚರಿತ್ರೆ ಮತ್ತು ನಮ್ಮ ಕೇರಿ

ಕಳೆದ ವರ್ಷ ಬಿ.ಎ. ತರಗತಿಗೆ ಅಮೆರಿಕದ ಚರಿತ್ರೆ ಪಾಠ ಮಾಡುತ್ತಿದ್ದೆ. ಪಶ್ಚಿಮದ ಕಡೆಗೆ ಜನ ಸರಿದುಹೋದ ಅಧ್ಯಾಯ. ನಮ್ಮ ಪಠ್ಯಪುಸ್ತಕ ಅದನ್ನು ಬಹಳ ಉತ್ಸಾಹದಿಂದ ಬರೆದಿದೆ. ಸಾಹಸಿಗರು ಬಂಡಿ ಹೂಡಿಕೊಂಡು ಹೋದರು, ಬೀಳು ನೆಲವನ್ನು ಹಸನು ಮಾಡಿದರು, ಊರುಗಳು ಎದ್ದವು, ರೈಲು ಬಂತು, ನಾಗರಿಕತೆ ಬೆಳೆಯಿತು, ಹೀಗೆ. ನಾನೂ ಅದನ್ನೇ ಒಪ್ಪಿಸುತ್ತಿದ್ದೆ ಅನ್ನಿ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಸಾ, ಅವ್ರೆಲ್ಲ ಬಿಳೇರೇನಾ?' ಎಂದ. ಬಹುಪಾಲು ಹೌದು ಅಂದೆ. ಸುಮ್ಮನೆ ಕೂರಲಿಲ್ಲ. 'ನಮ್ಮೂರ ಯಾರ್ ಕಟ್ಟಿದ್ದು ಸಾ?' ಅಂತ ಇನ್ನೊಂದು ಪ್ರಶ್ನೆ ಎಸೆದ. ತರಗತಿ ನಕ್ಕಿತು. ಅವನ ಊರಿನ ಗುಡಿಯ ಮುಂದೆ ಒಂದು ಶಾಸನ ಇದೆ, ಅದು ಅಗ್ರಹಾರದ ದತ್ತಿಯ ಶಾಸನ, ನೋಡಿದ್ದೀಯಾ ಅಂದೆ. 'ಅದು ಕೊಟ್ಟೋರ್ದು ಸಾ. ಕಟ್ಟಿದ್ದು?' ಅಂದ. ಗಂಟೆ ಹೊಡೆಯಿತು. ನಾನು ಬದುಕಿಕೊಂಡೆ.

ಚರಿತ್ರೆ ಎನ್ನುವುದು ಗೆದ್ದವರ ಕಥನ ಎಂಬ ಮಾತನ್ನು ನಾವು ಎಷ್ಟು ಸಲ ಆಡಿದ್ದೇವೆಂದರೆ ಅದು ಈಗ ಸವೆದ ನಾಣ್ಯ. ವಿಚಾರ ಸಂಕಿರಣಗಳಲ್ಲಿ ಅದನ್ನು ಹೇಳಿದರೆ ಮುಂದಿನ ಸಾಲಿನವರೇ ತಲೆದೂಗುತ್ತಾರೆ. ಆದರೆ ಆ ಹುಡುಗ ಕೇಳಿದ್ದು ಬೇರೆಯದೇ. ಗೆದ್ದವರು, ಸೋತವರು ಅಂತಲ್ಲ. ನೆಲ ಕೊಟ್ಟವರು, ನೆಲ ಮಾಡಿದವರು ಅಂತ. ನೆಲವನ್ನು ದಾನ ಕೊಟ್ಟ ಅರಸನಿಗೆ ಶಾಸನವಿದೆ, ದಾನ ಪಡೆದ ವಿದ್ವಾಂಸನಿಗೆ ಗೋತ್ರಸಮೇತ ಹೆಸರಿದೆ. ಮುಳ್ಳು ಕಡಿದು, ಕಲ್ಲು ಆಯ್ದು, ಕಟ್ಟೆ ಹಾಕಿದವನಿಗೆ ಏನಿದೆ? ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಓದುತ್ತಾ ಹೋದಾಗ ಸಿಕ್ಕ ಒಂದು ಊರಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಆ ಊರಿಗೆ ನಾನು ಹೋಗಿಲ್ಲ. ಹೋಗುವ ಶಕ್ತಿಯೂ ಇಲ್ಲ. ಪುಸ್ತಕ, ಫೋಟೋ, ವರದಿಗಳ ಮೂಲಕ ಕಂಡ ಊರು ಅದು.

ಮೊದಲು ಅಮೆರಿಕದ ನೆಲದ ಕಾಯ್ದೆಯ ವಿಷಯ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಮನೆಯ ಯಜಮಾನನಾದವನು ಅಥವಾ 21 ವರ್ಷ ತುಂಬಿದವನು, ಹೆಂಗಸಾದರೂ ಸರಿ, 160 ಎಕರೆ ಸರ್ಕಾರಿ ನೆಲವನ್ನು ಬೇಡಬಹುದಿತ್ತು. ಐದು ವರ್ಷ ಅಲ್ಲೇ ಇರಬೇಕು, ಮನೆ ಕಟ್ಟಬೇಕು, ಉಳಬೇಕು. ಆಮೇಲೆ ನೆಲ ಅವರದೇ. ಎಲ್ಲಾ ಶುಲ್ಕ ಸೇರಿ 18 ಡಾಲರ್. ಈ ಕಾಯ್ದೆಯಡಿ ಮುಂದಿನ ದಶಕಗಳಲ್ಲಿ ಹಂಚಿಹೋದ ನೆಲ ಸುಮಾರು 27 ಕೋಟಿ ಎಕರೆ. ನಮ್ಮ ದರಕಾಸ್ತು ನೋಡಿದವರಿಗೆ ಈ ಅಂಕಿ ತಲೆಗೆ ಹತ್ತುವುದಿಲ್ಲ. ಕರ್ನಾಟಕದ ಇಡೀ ವಿಸ್ತೀರ್ಣ ಐದು ಕೋಟಿ ಎಕರೆಯನ್ನೂ ಮುಟ್ಟುವುದಿಲ್ಲ. ಈ ಕಾಯ್ದೆಯ ಕೆಳಗೆ ಮೊದಲ ದಿನವೇ, 1863ರ ಜನವರಿ 1ರಂದು, ನೆಲ ಬೇಡಿದವರಲ್ಲಿ ಒಬ್ಬನಾದ ಡೇನಿಯಲ್ ಫ್ರೀಮನ್ ಎಂಬ ಬಿಳಿಯನ ಜಮೀನು ನೆಬ್ರಾಸ್ಕಾದಲ್ಲಿದೆ. 1936ರಲ್ಲೇ ಸರ್ಕಾರ ಅದನ್ನು ರಾಷ್ಟ್ರೀಯ ಸ್ಮಾರಕ ಮಾಡಿತು. 'ಪಯನೀಯರ್' ಎಂಬ ಪದ ಕಿವಿಗೆ ಬಿದ್ದಾಗ ಅಮೆರಿಕದವರ ಕಣ್ಣಿಗೆ ಬರುವ ಚಿತ್ರ ಇಂಥ ಜಮೀನಿನದು: ಮರದ ಗುಡಿಸಲು, ಗಡ್ಡದ ಗಂಡಸು, ಬಂಡಿ.

ಈ ಚಿತ್ರದಲ್ಲಿ ಕರಿಯರು ಯಾಕಿಲ್ಲ ಎನ್ನುವುದಕ್ಕೆ ಮೊದಲ ಕಾರಣ ಸರಳ. ಕಾಯ್ದೆ ಬಂದಾಗ ಅವರಲ್ಲಿ ಬಹುಪಾಲು ಜನ ಗುಲಾಮರು. ಪೌರತ್ವವೇ ಇರಲಿಲ್ಲ. 1868ರ ಹದಿನಾಲ್ಕನೆಯ ತಿದ್ದುಪಡಿ ಅದನ್ನು ಸಂವಿಧಾನದಲ್ಲಿ ಖಚಿತಪಡಿಸಿತು. ಅಷ್ಟರಲ್ಲಿ ಅವರಿಗೆ ನೆಲದ ಮಾತು ಒಮ್ಮೆ ಕೊಟ್ಟು ಕಿತ್ತುಕೊಂಡಾಗಿತ್ತು. 1865ರ ಜನವರಿಯಲ್ಲಿ ಜನರಲ್ ಶರ್ಮನ್ ಹೊರಡಿಸಿದ ಆಜ್ಞೆಯಂತೆ ದಕ್ಷಿಣದ ಕಡಲತೀರದ ನೆಲವನ್ನು ಕುಟುಂಬಕ್ಕೆ 40 ಎಕರೆಯಂತೆ ಬಿಡುಗಡೆಯಾದವರಿಗೆ ಹಂಚಲಾಯಿತು. ಸುಮಾರು 40,000 ಜನ ಅಲ್ಲಿ ಕೂತು ಉತ್ತರು ಕೂಡ. ಲಿಂಕನ್ ಕೊಲೆಯಾದ ಮೇಲೆ ಬಂದ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದೇ ವರ್ಷ ಆ ನೆಲವನ್ನು ಹಳೆಯ ಧಣಿಗಳಿಗೇ ವಾಪಸ್ಸು ಮಾಡಿದ. ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ. ಧಣಿಯ ಹೊಲದಲ್ಲೇ ಪಾಲಿಗೆ ದುಡಿಯುವುದು, ಅವನ ಅಂಗಡಿಯಲ್ಲೇ ಸಾಲ ಮಾಡುವುದು, ಆ ಸಾಲ ತೀರದೇ ಇರುವುದು. ನಮ್ಮಲ್ಲಿ ಜೀತ ಅಂತಾರಲ್ಲ, ಅದರ ದೊಡ್ಡಪ್ಪನ ಮಗ.

ನಿಕೋಡೆಮಸ್ ಹುಟ್ಟುವುದು ಇಲ್ಲಿ. 1877ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಏಳು ಜನ ಸೇರಿ ನಿಕೋಡೆಮಸ್ ಟೌನ್ ಕಂಪನಿ ಮಾಡಿಕೊಂಡರು. ಆರು ಜನ ಕರಿಯರು, ಒಬ್ಬ ಬಿಳಿಯ. ಅಧ್ಯಕ್ಷ ಡಬ್ಲ್ಯು. ಎಚ್. ಸ್ಮಿತ್ ಕರಿಯ; ಬಿಳಿಯ ಡಬ್ಲ್ಯು. ಆರ್. ಹಿಲ್ ನೆಲದ ವ್ಯಾಪಾರಿ. ಕೆಂಟಕಿಯ ಕರಿಯರ ಚರ್ಚುಗಳಿಗೆ ಇವರ ಕರಪತ್ರಗಳು ಹೋದವು. ಪಶ್ಚಿಮದಲ್ಲಿ ನಿಮ್ಮದೇ ಊರು ಕಟ್ಟಿಕೊಳ್ಳಿ, ನೆಲ ಸಮೃದ್ಧವಾಗಿದೆ ಎಂಬ ಆಹ್ವಾನ. ಅದೇ 1877ರಲ್ಲಿ ದಕ್ಷಿಣದ ರಾಜ್ಯಗಳಿಂದ ಒಕ್ಕೂಟದ ಸೈನ್ಯ ಹಿಂದೆ ಸರಿದಿತ್ತು ಎಂಬುದನ್ನು ಮರೆಯಬಾರದು. ಸೈನ್ಯ ಹೋದ ಮೇಲೆ ತಮ್ಮ ಗತಿ ಏನೆಂಬುದು ಕರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮೊದಲ ದೊಡ್ಡ ಗುಂಪು ಬಂತು. ಮುನ್ನೂರಕ್ಕೂ ಹೆಚ್ಚು ಜನ. ಎಲ್ಲಿಸ್ ಎಂಬಲ್ಲಿಯವರೆಗೆ ರೈಲು. ಅಲ್ಲಿಂದ ಮುಂದೆ ಸುಮಾರು 35 ಮೈಲಿ ಕಾಲುದಾರಿ. ನಡೆದು ಬಂದು ನೋಡಿದರೆ ಏನಿದೆ? ಮರವಿಲ್ಲ, ಮನೆಯಿಲ್ಲ, ಸಾಲೊಮನ್ ನದಿಯ ಪಕ್ಕ ಕಣ್ಣು ಹಾಯುವಷ್ಟು ದೂರ ಹುಲ್ಲು. ಕರಪತ್ರದ ಊರು ಕಾಗದದ ಮೇಲೆ ಮಾತ್ರ ಇತ್ತು. ಹಿಲ್‌ನನ್ನು ನೇಣಿಗೆ ಹಾಕಬೇಕೆನ್ನುವಷ್ಟು ಸಿಟ್ಟು ಬಂದಿತ್ತಂತೆ ಜನಕ್ಕೆ. ಹಲವು ಕುಟುಂಬಗಳು ಬಂದ ದಾರಿಯಲ್ಲೇ ತಿರುಗಿದವು. ತಿರುಗಲು ದುಡ್ಡಿಲ್ಲದವರು ಉಳಿದರು. ಚರಿತ್ರೆಯಲ್ಲಿ ಸಾಹಸ ಎಂದು ಹೊಗಳುವ ಎಷ್ಟೋ ಸಂಗತಿಗಳ ಒಳಗೆ ವಾಪಸ್ಸು ಹೋಗಲು ದುಡ್ಡಿಲ್ಲದಿರುವುದು ಎಂಬ ಕಾರಣ ಅಡಗಿರುತ್ತದೆ ಅಂತ ನನ್ನ ಗುಮಾನಿ.

ಮರ ಇಲ್ಲದ್ದರಿಂದ ಮನೆ ಕಟ್ಟಲಿಲ್ಲ, ತೋಡಿದರು. ದಿಬ್ಬದ ಪಕ್ಕೆಯನ್ನು ಅಗೆದು ಒಳಗೆ ಕೋಣೆ, ಮೇಲೆ ಕಡ್ಡಿ ಮಣ್ಣು ಹೊದಿಕೆ, ಒಂದು ಹೊಗೆಗಂಡಿ. ಡಗೌಟ್ ಎನ್ನುತ್ತಾರೆ. ಮರುವರ್ಷ 1878ರ ವಸಂತದಲ್ಲಿ ಗಂಡ ಡೇನಿಯಲ್ ಹಿಕ್‌ಮನ್ ಎಂಬ ಪಾದ್ರಿ ಮತ್ತು ಮಕ್ಕಳೊಂದಿಗೆ ಬಂದ ವಿಲಿಯಾನಾ ಹಿಕ್‌ಮನ್ ಮುಂದೆ ಎಷ್ಟೋ ವರ್ಷಗಳ ಮೇಲೆ ಆ ದಿನವನ್ನು ನೆನೆಸಿಕೊಂಡಿದ್ದಾಳೆ. ಎಲ್ಲಿಸ್‌ನಲ್ಲಿ ಮಕ್ಕಳಿಗೆ ದಡಾರ ಬಂದು ಕೆಲವು ಸತ್ತಿದ್ದವು. ದಿಕ್ಸೂಚಿ ಹಿಡಿದು, ಜಿಂಕೆ ಕಾಡೆಮ್ಮೆಗಳ ಜಾಡು ಹಿಡಿದು ನಡೆದರು. ಮುಂದೆ ಹೋದ ಗಂಡಸರು ಅಗೋ ನಿಕೋಡೆಮಸ್ ಅಂತ ಕೂಗಿದಾಗ ಈಕೆಗೆ ಎಲ್ಲೂ ಊರು ಕಾಣಲಿಲ್ಲ. ಗಂಡ ತೋರಿಸಿದ: ನೆಲದೊಳಗಿಂದ ಅಲ್ಲಲ್ಲಿ ಹೊಗೆ ಏಳುತ್ತಿತ್ತು. ಅದೇ ಊರು. ಆಕೆ ಅತ್ತುಬಿಟ್ಟಳು.

ಈ ಭಾಗವನ್ನು ನಾನು ಮೂರು ನಾಲ್ಕು ಸಲ ಓದಿದ್ದೇನೆ. ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. ಮದುವೆಯಾಗಿ ಬಂದಾಗ ಎತ್ತಿನ ಗಾಡಿ ಊರೊಳಗೆ ಹೋಗದೆ ಸುತ್ತು ಬಳಸಿ ಬಂತಂತೆ. 'ಊರು ಎಲ್ಲದೆ ಅಂತ ಕೇಳ್ದೆ. ಅಗೋ ಹೊಗೆ ಕಾಣ್ತದಲ್ಲ, ಅದೇ ನಮ್ ಕೇರಿ ಅಂದ್ರು. ಗೋಡೆ ನನ್ ಸೊಂಟಕ್ಕೆ ಬತ್ತಿತ್ತು ಕಣಪ್ಪ.' ಅಜ್ಜಿ ಅಳಲಿಲ್ಲವಂತೆ. ತವರಿನ ಗೋಡೆಯೂ ಅಷ್ಟೇ ಇತ್ತು. ಈ ವ್ಯತ್ಯಾಸ ಸಣ್ಣದಲ್ಲ. ವಿಲಿಯಾನಾ ಅತ್ತದ್ದು ತನಗೆ ಇದಕ್ಕಿಂತ ಹೆಚ್ಚಿನದು ಸಲ್ಲಬೇಕು ಎಂದು ಹೊರಟು ಬಂದಿದ್ದರಿಂದ. ಮೋಸ ಹೋದವರು ಅಳುತ್ತಾರೆ. ನಮ್ಮ ಅಜ್ಜಿಗೆ ಯಾರೂ ಏನನ್ನೂ ಮಾತು ಕೊಟ್ಟಿರಲಿಲ್ಲ.

ಆ ಮೊದಲ ಚಳಿಗಾಲದಲ್ಲಿ ಬೇಸಾಯದ ಸಲಕರಣೆ ಇಲ್ಲ, ಕುದುರೆಗಳು ಬೆರಳೆಣಿಕೆ, ಬಿತ್ತುವ ಕಾಲ ಮುಗಿದಿತ್ತು. ಬೇಟೆ ಮುಗಿಸಿ ತಮ್ಮ ನೆಲೆಗೆ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಉಳಿಸಿದರು ಎಂದು ನಿಕೋಡೆಮಸ್‌ನ ಜನ ಇವತ್ತಿಗೂ ಹೇಳುತ್ತಾರೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ದಮನಿತರ ಚರಿತ್ರೆ ಬರೆಯುವ ನಮ್ಮ ಹುಮ್ಮಸ್ಸಿನಲ್ಲಿ ಇದನ್ನು ದಾಟಿಹೋಗುವ ಅಪಾಯವಿದೆ. ಸರ್ಕಾರಿ ನೆಲ, ಬೀಳು ನೆಲ ಎಂದೆನಲ್ಲ, ಅದು ಬೀಳು ಆದದ್ದು ಹೇಗೆ? 1867ರ ಮೆಡಿಸಿನ್ ಲಾಜ್ ಒಪ್ಪಂದದ ಮೂಲಕ ಚೆಯೆನ್, ಅರಪಾಹೊ ಮೊದಲಾದ ಬುಡಕಟ್ಟುಗಳನ್ನು ದಕ್ಷಿಣದ ಮೀಸಲು ಪ್ರದೇಶಕ್ಕೆ ತಳ್ಳಿ ಕ್ಯಾನ್ಸಸ್ ಬಯಲನ್ನು ಖಾಲಿ ಮಾಡಿಸಲಾಗಿತ್ತು. ನಿಕೋಡೆಮಸ್‌ಗೆ ಜನ ಬಂದ ಮರುವರ್ಷ, 1878ರ ಶರತ್ಕಾಲದಲ್ಲಿ, ಡಲ್ ನೈಫ್ ಮತ್ತು ಲಿಟ್ಲ್ ವುಲ್ಫ್ ಎಂಬ ನಾಯಕರ ಹಿಂದೆ ಉತ್ತರದ ಚೆಯೆನ್ ಜನ ಆ ಮೀಸಲು ಪ್ರದೇಶದಿಂದ ತಪ್ಪಿಸಿಕೊಂಡು, ಸೈನ್ಯ ಬೆನ್ನಟ್ಟುತ್ತಿರುವಾಗ, ಪಶ್ಚಿಮ ಕ್ಯಾನ್ಸಸ್ ಮೂಲಕವೇ ತಮ್ಮ ಊರಿನ ಕಡೆಗೆ ನಡೆದರು. ಒಂದು ಜನ ತಮ್ಮದೊಂದು ಊರು ಬೇಕೆಂದು ಆ ಬಯಲಿಗೆ ನಡೆದು ಬರುತ್ತಿದೆ. ಇನ್ನೊಂದು ಜನ ತಮ್ಮ ಊರಿಗೆ ಹೋಗಬೇಕೆಂದು ಅದೇ ಬಯಲನ್ನು ದಾಟುತ್ತಿದೆ. ಎರಡಕ್ಕೂ ಕಾರಣ ಒಂದೇ ಸರ್ಕಾರ. ಈ ಬಗೆಯ ತೊಡಕು ನಮ್ಮಲ್ಲಿ ಇಲ್ಲವೇ? ಕಾಡಂಚಿನಲ್ಲಿ ದಲಿತ ಕುಟುಂಬಕ್ಕೆ ಎರಡು ಎಕರೆ ಮಂಜೂರಾದಾಗ, ಆ ಕಾಡಿನಿಂದ ಎಬ್ಬಿಸಲ್ಪಟ್ಟ ಜೇನುಕುರುಬರ ಹಾಡಿಯ ಬಗ್ಗೆ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕೇಳಿದರೆ ಚಳವಳಿ ಒಡೆಯುತ್ತದೆ ಎಂದು ಕೆಲ ಗೆಳೆಯರು ನನ್ನ ಬಾಯಿ ಮುಚ್ಚಿಸಿದ್ದುಂಟು. ನನಗೆ ಹಾಗನ್ನಿಸುವುದಿಲ್ಲ.

ನಿಕೋಡೆಮಸ್ ಉಳಿಯಿತು. ಗುದ್ದಲಿ ಪಿಕಾಸಿಗಳಲ್ಲೇ ಹುಲ್ಲಿನ ಬೇರು ಕಿತ್ತು ಎಕರೆ ಎರಡೆಕರೆ ಅಂತ ನೆಲ ಮಾಡಿದರು. ಝಡ್. ಟಿ. ಫ್ಲೆಚರ್ ಅಂಚೆಮನೆ ತೆರೆದ, ಹೋಟೆಲು ಕಟ್ಟಿದ. ಅವನ ಹೆಂಡತಿ ಜೆನ್ನಿ ಮಕ್ಕಳಿಗೆ ಅಕ್ಷರ ಕಲಿಸಿದಳು. ಗುಲಾಮರಿಗೆ ಓದು ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿದ್ದ ಕಾಲದಿಂದ ಒಂದೇ ತಲೆಮಾರು ದೂರದಲ್ಲಿ, ಮಣ್ಣಿನ ಗುಂಡಿಯ ಊರಿನಲ್ಲಿ ಕರಿಯ ಹೆಂಗಸೊಬ್ಬಳು ಶಾಲೆ ನಡೆಸುತ್ತಾಳೆ! ಮೊದಲು ಹೊರಗಿನಿಂದ ಬರುತ್ತಿದ್ದ ದಾನದ ಬಟ್ಟೆ, ಧಾನ್ಯ ಪಡೆಯುತ್ತಿದ್ದರು. 1879ರ ಹೊತ್ತಿಗೆ ಇನ್ನು ದಾನ ಬೇಡ ಎಂದು ತಾವೇ ತೀರ್ಮಾನಿಸಿದರು. 1880ರ ದಶಕದಲ್ಲಿ ಎರಡು ಪತ್ರಿಕೆ, ಚರ್ಚುಗಳು, ಅಂಗಡಿಗಳು, ಸಾಹಿತ್ಯ ಸಂಘ, ಬೇಸ್‌ಬಾಲ್ ತಂಡ ಎಲ್ಲಾ ಆದವು. 1878ರಲ್ಲಿ ಅಲ್ಲಿಗೆ ಬಂದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಆಡಿಟರ್ ಆಗಿ ಚುನಾಯಿತನಾದ. ಬಿಳಿಯರು ಬಹುಸಂಖ್ಯಾತರಾಗಿದ್ದ ರಾಜ್ಯದಲ್ಲಿ ಕರಿಯನೊಬ್ಬ ಲೆಕ್ಕ ತಪಾಸಣೆಯ ಅಧಿಕಾರಿ! 1884ರಲ್ಲಿ ಮತ್ತೆ ಗೆದ್ದ.

ಆಮೇಲೆ ರೈಲು. ಅಥವಾ ರೈಲು ಬಾರದೆ ಹೋದದ್ದು. ರೈಲು ಬಂದರೆ ಊರು, ಇಲ್ಲದಿದ್ದರೆ ಇಲ್ಲ ಎನ್ನುವ ಕಾಲ ಅದು. 1887ರಲ್ಲಿ ಜನ ಮತ ಹಾಕಿ ಮಿಸ್ಸೂರಿ ಪೆಸಿಫಿಕ್ ಕಂಪನಿಯನ್ನು ಕರೆಯಲು 16,000 ಡಾಲರ್ ಬಾಂಡ್‌ಗೆ ಒಪ್ಪಿದರು. ಕಂಪನಿ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ನದಿಯ ದಕ್ಷಿಣಕ್ಕೆ, ಕೆಲವೇ ಮೈಲಿ ದೂರದಲ್ಲಿ. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ನಿಕೋಡೆಮಸ್‌ನ ಅಂಗಡಿಕಾರರು ಸರಕು ಹೇರಿಕೊಂಡು ಅತ್ತ ಹೋದರು. ಪತ್ರಿಕೆ ನಿಂತಿತು. ಬೇಸಾಯದವರು ಮಾತ್ರ ಕೂತರು. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿ ಅವರಲ್ಲೂ ಬಹಳ ಜನರನ್ನು ಎಬ್ಬಿಸಿತು. 1953ರಲ್ಲಿ ಅಂಚೆಮನೆ ಮುಚ್ಚಿತು. ನಂತರ ಶಾಲೆಯೂ. ಇವತ್ತು ಅಲ್ಲಿ ನೆಲೆಸಿರುವವರು ಬೆರಳೆಣಿಕೆಯಷ್ಟು.

ಊರೇ ಇಲ್ಲದಂತಾದ ಮೇಲೆ ಊರಿನ ನೆನಪನ್ನು ಕಾಯುವ ಕೆಲಸ ಶುರುವಾಯಿತು. ಅದನ್ನು ಶುರು ಮಾಡಿದ್ದು ಸರ್ಕಾರವಲ್ಲ ಎನ್ನುವುದು ನನಗೆ ಮುಖ್ಯ. ಆ ಊರಿನ ಮನೆತನದಲ್ಲಿ ಹುಟ್ಟಿದ ಏಂಜೆಲಾ ಬೇಟ್ಸ್ 1988ರಲ್ಲಿ ನಿಕೋಡೆಮಸ್ ಚಾರಿತ್ರಿಕ ಸಂಘ ಕಟ್ಟಿದಳು. ವರ್ಷಗಳ ಓಡಾಟದ ಮೇಲೆ 1996ರಲ್ಲಿ ಅಮೆರಿಕ ಸರ್ಕಾರ ಅದನ್ನು ರಾಷ್ಟ್ರೀಯ ಚಾರಿತ್ರಿಕ ತಾಣವೆಂದು ಘೋಷಿಸಿತು. ಫ್ರೀಮನ್‌ನ ಜಮೀನಿಗೂ ನಿಕೋಡೆಮಸ್‌ಗೂ ನಡುವೆ ಸರಿಯಾಗಿ 60 ವರ್ಷ. ಐದು ಕಟ್ಟಡಗಳು ಇದರಲ್ಲಿ ಸೇರಿವೆ: ಎರಡು ಚರ್ಚು, ಫ್ಲೆಚರ್‌ನ ಹೋಟೆಲು, ಶಾಲೆ, ಮತ್ತು 1939ರಲ್ಲಿ ಮುಗಿದ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್. ಅರಮನೆ ಇಲ್ಲ, ಕೋಟೆ ಇಲ್ಲ, ಕೆತ್ತನೆಯ ಒಂದು ಕಂಬವೂ ಇಲ್ಲ. ನಮ್ಮ ಸ್ಮಾರಕಗಳ ಅಭ್ಯಾಸವಿರುವ ಕಣ್ಣಿಗೆ ಇವು ಸ್ಮಾರಕ ಅನ್ನಿಸುವುದೇ ಇಲ್ಲ, ಯಾವುದೋ ಪಂಚಾಯ್ತಿ ಆಫೀಸು ಅನ್ನಿಸುತ್ತದೆ. ಜನ ಮೊದಲು ಬದುಕಿದ ನೆಲದ ಗುಂಡಿಗಳು ಮಾತ್ರ ಕುಸಿದು ಮಣ್ಣಾಗಿವೆ. ಆದರೆ ಪ್ರತಿ ವರ್ಷ ಜುಲೈ ಕೊನೆಯಲ್ಲಿ ದೇಶದ ಮೂಲೆ ಮೂಲೆಯಿಂದ ಮೊಮ್ಮಕ್ಕಳು ಮರಿಮಕ್ಕಳು ಅಲ್ಲಿ ಕೂಡುತ್ತಾರೆ. 1878ರಿಂದ ನಡೆದುಬಂದ ವಿಮೋಚನೆಯ ಹಬ್ಬ ಅದು. ಬೆರಳೆಣಿಕೆಯ ಊರಲ್ಲಿ ನೂರಾರು ಜನ. ಸ್ಮಾರಕ ಅಂದರೆ ಅಲ್ಲಿ ಕಲ್ಲಲ್ಲ, ಈ ಕೂಡುವಿಕೆ.

ಸಂಖ್ಯೆಯಲ್ಲಿ ನೋಡಿದರೆ ಇದು ದೊಡ್ಡ ಚರಿತ್ರೆಯಲ್ಲ ಎನ್ನಬಹುದು. ನೆಬ್ರಾಸ್ಕಾದ ಸಂಶೋಧಕರ ಲೆಕ್ಕದಂತೆ ಆ ಬಯಲು ಸೀಮೆಯಲ್ಲಿ ಹೋಮ್‌ಸ್ಟೆಡ್ ಕಾಯ್ದೆಯಡಿ ಹಕ್ಕುಪತ್ರ ಪಡೆದ ಕರಿಯರು ಸುಮಾರು 3,500, ಅವರ ನೆಲ ಸುಮಾರು 6.5 ಲಕ್ಷ ಎಕರೆ. 27 ಕೋಟಿಯ ಮುಂದೆ ಇದೆಷ್ಟು? ನಾಲ್ಕು ನೂರಕ್ಕೆ ಒಂದು. ಆ ಒಂದನ್ನೂ ಬರೆದಿಡಬೇಕೆಂದು ಅವರು ಹಟ ಹಿಡಿದರು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಕರಿಯರ ಚರಿತ್ರೆಗೂ ನಮಗೂ ಇರುವ ನಂಟು ಹೊಸದಲ್ಲ. ಜೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ'ಯನ್ನು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದ. ಬಾಬಾಸಾಹೇಬರು 1946ರಲ್ಲಿ ಡು ಬಾಯ್ಸ್‌ಗೆ ಪತ್ರ ಬರೆದು ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. 1972ರಲ್ಲಿ ದಲಿತ್ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಲ್ಲಿಂದ ತಂದರು. ಇವೆಲ್ಲ ನಮ್ಮ ವಿಮರ್ಶೆಯಲ್ಲಿ ಬೇಕಾದಷ್ಟು ಬಂದಿವೆ. ಬಾರದೆ ಉಳಿದದ್ದು ನೆಲದ ಮಾತು. ಕರಿಯರ ಕಾವ್ಯ ಓದಿದೆವು, ಆತ್ಮಕಥೆ ಓದಿದೆವು, ಅವರು ಬೇರೆ ಊರು ಕಟ್ಟಲು ಹೊರಟದ್ದನ್ನು ಓದಲಿಲ್ಲ. 'ಕುಸುಮಬಾಲೆ'ಯ ಭಾಷೆಯ ಬಗ್ಗೆ ನಮ್ಮವರು ಬರೆದ ಪುಟಗಳನ್ನು ಒಂದರ ಮೇಲೊಂದು ಇಟ್ಟರೆ ಮಂಡಿಯುದ್ದ ಆದೀತು. ಬರೆಯಬೇಕಾದ್ದೇ, ತಕರಾರಿಲ್ಲ. ಆದರೆ ಬಾಬಾಸಾಹೇಬರ ಪ್ರತ್ಯೇಕ ವಸತಿಯ ಯೋಜನೆಯ ಬಗ್ಗೆ ಕನ್ನಡದಲ್ಲಿ ಯಾರಾದರೂ ಹತ್ತು ಪುಟ ಬರೆದಿದ್ದರೆ ನನಗೆ ತೋರಿಸಿ.

ಹೌದು, ಅವರೂ ಬೇರೆ ಊರಿನ ಮಾತಾಡಿದ್ದರು. 1942ರ ಜುಲೈನಲ್ಲಿ ನಾಗಪುರದಲ್ಲಿ ನಡೆದ ಸಮ್ಮೇಳನ ಪರಿಶಿಷ್ಟರಿಗೆ ಹಿಂದೂ ಹಳ್ಳಿಗಳಿಂದ ದೂರ, ಪ್ರತ್ಯೇಕ ಹಳ್ಳಿಗಳು ಬೇಕೆಂದು ನಿರ್ಣಯ ಮಾಡಿತು. 1947ರಲ್ಲಿ ಸಂವಿಧಾನ ಸಭೆಗೆಂದು ಅವರು ಸಿದ್ಧಪಡಿಸಿದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಇದು ವಿವರವಾಗಿದೆ: ಒಂದು ವಸತಿ ಆಯೋಗ, ಸಾಗುವಳಿಯಾಗದ ಸರ್ಕಾರಿ ನೆಲವೆಲ್ಲ ಅದರ ಸುಪರ್ದಿಗೆ, ಬೇಕಾದರೆ ಖಾಸಗಿ ನೆಲವನ್ನೂ ಕೊಂಡು ಹೊಸ ಹಳ್ಳಿಗಳು, ಇದಕ್ಕೆ ವರ್ಷಕ್ಕೆ ಐದು ಕೋಟಿ ರೂಪಾಯಿ. ಅವರ ವಾದ ಕೇವಲ ಮನೆಯದಲ್ಲ. ಊರು ಎನ್ನುವ ವ್ಯವಸ್ಥೆಯೇ ಕೇರಿಯನ್ನು ಹುಟ್ಟಿಸುತ್ತದೆ. ಊರಿನವನ ಹೊಲದ ಕೂಲಿ, ಊರಿನವನ ಬಾವಿಯ ನೀರು, ಊರಿನವನ ಅಂಗಡಿಯ ಉಪ್ಪು, ಇವುಗಳ ಮೇಲೆ ನಿಂತವನು ಎದುರಾಡಿದ ದಿನವೇ ಬಹಿಷ್ಕಾರ. ಹಾಗಾಗಿ ಊರಿನಲ್ಲಿ ಜಾಗ ಕೇಳುವುದಲ್ಲ, ಊರಿನಿಂದಲೇ ಎದ್ದು ಹೋಗುವುದು. ಇದು ಕೆಂಟಕಿಯ ಜನ ಯೋಚಿಸಿದ್ದೇ.

ಆದರೆ ಎದ್ದು ಹೋಗುವುದು ಸರಿಯೇ? ಕರಿಯರಲ್ಲೇ ಇದರ ಬಗ್ಗೆ ಜಗಳ ಇತ್ತು. 1879ರಲ್ಲಿ ಸಾವಿರಾರು ಜನ ದಕ್ಷಿಣ ಬಿಟ್ಟು ಕ್ಯಾನ್ಸಸ್ ಕಡೆ ಹೊರಟಾಗ ಫ್ರೆಡರಿಕ್ ಡಗ್ಲಸ್ ಅದನ್ನು ವಿರೋಧಿಸಿದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶವನ್ನೇ ನಡುಗಿಸಿದ ಡಗ್ಲಸ್! ಹೊರಟುಹೋದರೆ ದಕ್ಷಿಣದಲ್ಲಿ ನಮ್ಮ ಹಕ್ಕು ಸಾಧ್ಯವಿಲ್ಲವೆಂದು ನಾವೇ ಒಪ್ಪಿಕೊಂಡಂತೆ ಎಂಬುದು ಅವನ ವಾದ. ಸೊಜರ್ನರ್ ಟ್ರೂತ್ ಎಂಬ ಮುದುಕಿ, ಅವಳೂ ಗುಲಾಮಳಾಗಿದ್ದವಳೇ, ಹೊರಟವರ ಪರ ನಿಂತಳು. ಡಗ್ಲಸ್‌ನ ಮಾತಿಗೆ ತೂಕವಿದೆ. ಆದರೆ ಅವನು ಆ ಹೊತ್ತಿಗೆ ರಾಜಧಾನಿಯಲ್ಲಿ ಅಧಿಕಾರದಲ್ಲಿದ್ದವನು. ನಗರದಲ್ಲಿ ಸಂಬಳ ತಗೊಳ್ಳುವ ನಾವು ಹಳ್ಳಿಯಲ್ಲಿರುವವನಿಗೆ ಅಲ್ಲೇ ಇದ್ದು ಹೋರಾಡು ಎಂದು ಹೇಳುವಾಗ ನನಗೆ ಡಗ್ಲಸ್ ನೆನಪಾಗುತ್ತಾನೆ. ಇನ್ನೊಂದು ಕಡೆ, ನಿಕೋಡೆಮಸ್‌ನ ಗತಿಯೂ ಕಣ್ಣ ಮುಂದಿದೆ. ಬೇರೆ ಊರು ಕಟ್ಟಿದರು ಸರಿ, ರೈಲಿನ ಹಳಿ ಎಲ್ಲಿ ಹೋಗಬೇಕೆಂದು ತೀರ್ಮಾನಿಸುವ ಅಧಿಕಾರ ಅವರಲ್ಲಿರಲಿಲ್ಲ. ಬಾಬಾಸಾಹೇಬರು ವಸತಿಯ ಯೋಜನೆಯನ್ನು ಅದೇ ಮನವಿಯಲ್ಲಿ ಪ್ರತ್ಯೇಕ ಮತದಾನ, ಆಡಳಿತದಲ್ಲಿ ಪಾಲು, ಬಹಿಷ್ಕಾರಕ್ಕೆ ಶಿಕ್ಷೆ ಇವುಗಳ ಜೊತೆಗೇ ಕಟ್ಟಿದ್ದರು ಎನ್ನುವುದನ್ನು ಇಲ್ಲಿ ಗಮನಿಸಬೇಕು. ಅದರಲ್ಲಿ ಮೀಸಲಾತಿಯ ತುಂಡನ್ನು ದೇಶ ಒಪ್ಪಿಕೊಂಡಿತು. ನೆಲ ಮತ್ತು ವಸತಿಯ ತುಂಡನ್ನು ಬಿಟ್ಟಿತು. ಬಿಟ್ಟದ್ದನ್ನು ನಾವೂ ಬಿಟ್ಟೆವು.

ಆ ಹುಡುಗನ ಪ್ರಶ್ನೆಗೆ ಮತ್ತೆ ಬರುತ್ತೇನೆ. ನಮ್ಮೂರ ಯಾರ್ ಕಟ್ಟಿದ್ದು? 1909ರಲ್ಲಿ ಅಚ್ಚಾದ ಥರ್ಸ್ಟನ್‌ನ ಜಾತಿ ಬುಡಕಟ್ಟುಗಳ ಸಂಪುಟದಲ್ಲಿ ಹೊಲೆಯರ ಬಗ್ಗೆ ಬರೆಯುವಾಗ ಮೈಸೂರು ಸೀಮೆಯ ಒಂದು ಸಂಗತಿ ದಾಖಲಾಗಿದೆ. ಊರಿನ ಗಡಿ ತಕರಾರು ಬಂದಾಗ ಕುಳವಾಡಿಯ ಮಾತೇ ಕಡೆಯ ಮಾತು. ಅವನು ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಯ ಗುಂಟ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಉಳಿಯುತ್ತದೆ, ಅಡ್ಡದಾರಿ ಹಿಡಿದರೆ ಒಡೆಯುತ್ತದೆ ಎಂಬುದು ನಂಬಿಕೆ. ಯಾರನ್ನು ಊರೊಳಗೆ ಬಿಡುವುದಿಲ್ಲವೋ ಅವನಿಗೇ ಊರು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಗೊತ್ತು! ಮೊದಲು ಆ ನೆಲದ ಮೇಲೆ ನಡೆದವರಿಗಲ್ಲದೆ ಬೇರೆ ಯಾರಿಗೆ ಈ ಅಧಿಕಾರ ಬರಲು ಸಾಧ್ಯ ಎನ್ನುವುದು ನನ್ನ ಊಹೆ. ವಿದ್ವಾಂಸರು ಬೇರೆ ಕಾರಣ ಹೇಳಿದರೆ ಕೇಳಲು ಸಿದ್ಧ. ಮುಂದೆ ಸರ್ವೆ ಇಲಾಖೆಯ ಸರಪಳಿ ಬಂತು, ಗಡಿ ಕಲ್ಲು ಬಂತು. ಕುಳವಾಡಿಯ ತಲೆಯ ಮೇಲಿನ ಮಣ್ಣು ಇಳಿಯಿತು. ಅವನು ಬರೀ ಓಡಾಳಾದ, ಸಾವು ಸುದ್ದಿ ಹೊತ್ತು ಊರೂರು ಅಲೆಯುವವನಾದ. ಇದಕ್ಕೊಂದು ಸ್ಮಾರಕ ಇಲ್ಲ. ಅಗ್ರಹಾರದ ಶಾಸನಕ್ಕೆ ಕಬ್ಬಿಣದ ಬೇಲಿ ಇದೆ.

ಉಳುವವನೇ ಹೊಲದೊಡೆಯ ಎಂದು ದೇವರಾಜ ಅರಸರ ಕಾಲದಲ್ಲಿ 1974ರ ತಿದ್ದುಪಡಿ ಬಂತು. ಗೇಣಿದಾರನಾಗಿದ್ದವನಿಗೆ ನೆಲ ಸಿಕ್ಕಿತು, ಅದು ದೊಡ್ಡ ಕೆಲಸವೇ. ಆದರೆ ಗೇಣಿ ಚೀಟಿಯೂ ಇಲ್ಲದ ಕೂಲಿಯವನು, ಜೀತದವನು ಉಳುವವನೇ ಆಗಿದ್ದರೂ ಆ ಅರ್ಜಿಯಲ್ಲಿ ಅವನಿಗೆ ಜಾಗವಿರಲಿಲ್ಲ. ಅವನ ಪಾಲಿಗೆ ಇದ್ದದ್ದು ಗೋಮಾಳದ ತುಂಡು, ದರಕಾಸ್ತು. ಹಾಗೆ ಸಿಕ್ಕಿದ್ದೂ ಕೈಬಿಟ್ಟು ಹೋಗುತ್ತಿದೆ ಎಂದು ಕಂಡು 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧದ ಕಾಯ್ದೆ ತಂದರು. ಜನರ ಬಾಯಲ್ಲಿ ಪಿಟಿಸಿಎಲ್.

ನಮ್ಮ ತಾತನಿಗೂ ಹಾಗೆ ಎರಡು ಎಕರೆ ಮಂಜೂರಾಗಿತ್ತು. ಅಜ್ಜಿ ಅದನ್ನು ಎಂದೂ ಮಂಜೂರಾಯಿತು ಅನ್ನುತ್ತಿರಲಿಲ್ಲ. 'ನಿಮ್ ತಾತ ಮಾಡಿದ್ ಹೊಲ ಅದು. ಮೊದ್ಲು ಹೊಲ ಎಲ್ಲಿತ್ತು, ಬರೀ ಬಂಡೆ. ನಾನು ಕಲ್ ಆಯ್ದು ಆಯ್ದು ಹೊಟ್ಟೇಲಿದ್ದ ಒಂದು ಕೂಸು ಹೋಯ್ತು' ಅನ್ನುತ್ತಿದ್ದಳು. ಮಂಜೂರಾತಿಯ ಷರತ್ತಿನ ಪ್ರಕಾರ ಮಾರುವಂತಿರಲಿಲ್ಲ. ಅತ್ತೆಯ ಮದುವೆಯ ಸಾಲಕ್ಕೆ ಊರಿನ ಒಬ್ಬರು ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಯ್ದೆ ಬಂದಿದೆಯೆಂದು ನಮ್ಮ ಅಪ್ಪನಿಗೆ ಗೊತ್ತಾದದ್ದೇ ಮೂವತ್ತು ವರ್ಷದ ಮೇಲೆ, ಒಂದು ಸಂಘಟನೆಯ ಸಭೆಯಲ್ಲಿ. ಅರ್ಜಿ ಹಾಕಿದರು. ವಾಯಿದೆ ಮೇಲೆ ವಾಯಿದೆ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಎಂದು ತೀರ್ಪು ಕೊಟ್ಟ ಮೇಲೆ, ತಡವಾಗಿದೆ ಎನ್ನುವ ಒಂದೇ ಸಾಲಿನ ಮೇಲೆ ನಮ್ಮ ಅರ್ಜಿ ಬಿತ್ತು. ಕಾಯ್ದೆ ಬಂದದ್ದನ್ನು ಕೇರಿಗೆ ಬಂದು ಹೇಳಲು ತಗೊಂಡ ಕಾಲ ಯಾವ ಲೆಕ್ಕಕ್ಕೂ ಸೇರಲಿಲ್ಲ. 2023ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಅನ್ವಯಿಸುವುದಿಲ್ಲ ಎಂದಿತು. ಅಪ್ಪ ಮತ್ತೆ ಅರ್ಜಿ ಹಾಕಿದ್ದಾರೆ. ಅಜ್ಜಿ ಅಷ್ಟರಲ್ಲಿ ಹೋಗಿದ್ದಳು.

ಹೋದ ಬೇಸಿಗೆಯಲ್ಲಿ ಸ್ಥಳ ತನಿಖೆ ಅಂತ ಒಬ್ಬ ಅಧಿಕಾರಿ ಬಂದರು. ನಕ್ಷೆ ಹರಡಿ, ಚಕ್ಕುಬಂದಿ ಹೇಳಿ ಅಂದರು. ಅಪ್ಪ ನಕ್ಷೆಯ ಕಡೆ ನೋಡಲೇ ಇಲ್ಲ. ಮೂಡಲ ದಿಕ್ಕಿನಿಂದ ಹೊರಟು, ಈಗ ಅಲ್ಲಿ ಬೆಳೆದಿರುವ ಬೇರೆಯವರ ಅಡಿಕೆ ಸಸಿಗಳ ನಡುವೆ, ನಿಧಾನವಾಗಿ ಒಂದು ಸುತ್ತು ನಡೆದು ಬಂದರು. ಒಂದು ಕಡೆ ನಿಂತು, ಇಲ್ಲೊಂದು ಹುಣಸೆ ಮರ ಇತ್ತು ಎಂದರು. ಮರ ಇರಲಿಲ್ಲ. ಬದುವಿನ ಗುಂಟ ಅಜ್ಜಿ ಆಯ್ದು ಹಾಕಿದ ಕಲ್ಲಿನ ಗುಡ್ಡೆ ಇತ್ತು. ಅಧಿಕಾರಿ ಅದನ್ನು ಬರೆದುಕೊಂಡರೋ ಇಲ್ಲವೋ, ನಾನು ನಿಂತ ಕಡೆಯಿಂದ ಕಾಣಲಿಲ್ಲ.